ಹನ್ನೊಂದೂ ಇಪ್ಪತ್ತು

ಮುದ್ದೇಬಿಹಾಳದ ನೋಂದಣಿ ಕಚೇರಿ ಹೊರಗ
ತಗಡಿನ ಶೆಡ್ಡು, ಒಂದು ಮೇಜು, ಹಳೇ ಟೈಪ್‌ರೈಟರು.
ಇಪ್ಪತ್ತಾರು ವರ್ಷ ಮಂದಿ ಹೊಲದ ಚಕ್ಕುಬಂದಿ ಬರದು
ಕುಂತಲ್ಲೇ ದಪ್ಪಗಾಗೇನಿ ನಾನು.
ರಕ್ತದಾಗ ಜಿಡ್ಡು ಅಂದ್ರು ಡಾಕ್ಟರ್ ಕಟಗೇರಿ.
"ಇದು ಬರೇ ವಿಟಮಿನ್, ಬಿ ಮೂರು. ಅಂಜಬ್ಯಾಡ್ರಿ.
ಹೊಟ್ಟಿಗೆ ತಿಂದ ಮ್ಯಾಲ ತಗೋರಿ, ಬೆನ್ನಿಗೇ ಬಿಸಿ ಚಾ ಬ್ಯಾಡ.
ಅರ್ಧ ತಾಸಿಗೆ ಮುಖ ಕೆಂಪಾಗ್ತದ,
ತಾಸಿನೊಳಗ ಇಳೀತದ."

ಮುಖ ಕೆಂಪಾಗ್ತದ.
ನಾ ನಕ್ಕೆ. ಅವರು ಯಾಕಂತ ಕೇಳಲಿಲ್ಲ.
ಸಾಹೇಬ್ರ, ಒಮ್ಮೆ ಈ ಮುಖ ನೋಡಿ ಹೇಳ್ರಿ ಅನ್ನಬೇಕಂದೆ,
ಹಿಂದ ಹದಿನಾಲ್ಕು ಮಂದಿ ಪಾಳಿ ಇತ್ತು.

ಈ ಮುಖ ಎಂದೂ ಕೆಂಪಾಗಿಲ್ಲ.
ಹೆಣ್ಣು ನೋಡಾಕ ಬಂದವರ ಎದುರು
ಚಾದ ತಾಟು ಹಿಡದು ನಿಂತಾಗ
ಎದಿ ಹಲಗಿ ಬಡದಂಗ ಬಡದರೂ
"ಹುಡುಗಿಗೆ ನಾಚಿಕೀನ ಇಲ್ಲ ನೋಡ್ರಿ" ಅಂದು
ಎದ್ದು ಹೋದರು ಚಡಚಣದವರು.
ನಾಚಿದ್ದೆ.
ಎರಿ ಮಣ್ಣಿನ ಬಣ್ಣ ದಾಟಿ
ಅದು ಹೊರಗ ಬರಲಿಲ್ಲ, ಅಷ್ಟ.

ಮೊದಲ ದಿನ ಹತ್ತೂ ಐವತ್ತಕ್ಕ ಗುಳಿಗಿ.
ಒಬ್ಬರ ಖರೀದಿ ಪತ್ರ ಹೊಡಿಯಾಕ ಹತ್ತಿದ್ದೆ,
ಪೂರ್ವಕ್ಕ ಹಳ್ಳ,
ಪಶ್ಚಿಮಕ್ಕ ಈರಸಂಗಪ್ಪನ ಹೊಲ,
ಉತ್ತರಕ್ಕ ಬಂಡಿ ದಾರಿ,
ದಕ್ಷಿಣಕ್ಕ ಬರೂದರಾಗ
ಕಿವಿ ತುದಿಗೆ ಯಾರೋ ಕಡ್ಡಿ ಕೊರದಂಗ.
ಹನ್ನೊಂದೂ ಇಪ್ಪತ್ತು.
ಕಿವಿಯಿಂದ ಗಲ್ಲಕ್ಕ, ಗಲ್ಲದಿಂದ ಕೊರಳಿಗೆ,
ಕೊರಳಿಂದ ಕುಪ್ಪಸದ ಅಂಚಿನೊಳಗ.
ಕೂದಲೆಳಿಗಿಂತ ಸಣ್ಣ ನಾಳದ ಅಗಸಿ ಬಾಗಿಲು
ಎಲ್ಲಾ ಒಮ್ಮೆಲೇ ತೆರದು
ಒಳಗಿನ ರಕ್ತ ಹೊರಗಿನ ಓಣಿಗೆ ಬಂದು ನಿಂತಂಗ,
ಬಂದು ಏನೋ ನೋಡಾಕ ಹತ್ತಿದಂಗ.
ತುರಿಕಿ. ಝುಮುಝುಮು.
ನನ್ನ ನಾಲ್ಕೂ ದಿಕ್ಕಿನ ಗಡಿ ಉರೀತು.

ಛಾಪಾ ಕಾಗದ ಮಾರೋ ದಾವಲಸಾಬ
ಬಾಜೂಕ ಕುಂತಾವಗ ಏನೂ ಕಾಣಲಿಲ್ಲ.
"ತಗಡು ಭಾಳ ಕಾದದ ಅಲ್ರೀ ಅಕ್ಕಾರ" ಅಂದ.
ತಗಡಲ್ಲ ಕಾದದ್ದು.
ಪರ್ಸಿನ ಕನ್ನಡಿ ತಗದು ನೋಡಿದೆ,
ಅದ ಕಪ್ಪು, ಚೂರು ಎಣ್ಣಿ ಹಚ್ಚಿದಂಗ ಮಿಂಚು.
ಡಬ್ಬಿಯೊಳಗಿನ ಚೀಟಿ ಬರದಾವರೂ
ಬ್ಯಾರೆ ಯಾರದೋ ಚರ್ಮ ನೆನಸಿ ಬರದಾರ.

ಬಾಕಿ ಚಿಲ್ಲರೆ ಕೊಡಾಕ ಬಂದಿದ್ದಳು
ಔಷಧದ ಅಂಗಡಿ ಹುಡುಗಿ ಅಸ್ಮಾ.
ಬೆರಳ ಹಿಂಬದಿಯಿಂದ ಗಲ್ಲ ಮುಟ್ಟಿ
ಸಟಕ್ಕನ ಕೈ ತಗೊಂಡಳು:
"ಯವ್ವಾ, ರೊಟ್ಟಿ ಹಂಚು!"
ಐವತ್ತೆರಡನೇ ವರ್ಷಕ್ಕ ನನ್ನ ಕೆಂಪಿಗೆ
ಒಬ್ಬಾಕಿ ಸಾಕ್ಷಿ ಸಿಕ್ಕಳು.

ನಮ್ಮ ಆಯಿ ಸಾವಂತ್ರವ್ವನ ಕೊರಳ ಸುತ್ತ
ಕರೀ ಸರ ಇತ್ತಂತ.
ಚಿನ್ನದ್ದಲ್ಲ, ಮಣಿಯದ್ದಲ್ಲ,
ಬಿಸಿಲು ಬಿದ್ದಷ್ಟೇ ಸುಟ್ಟು, ಬಿರದು, ಪದರೆದ್ದ ಚರ್ಮ.
ಬರೇ ಜ್ವಾಳ ತಿಂದ ಮೈ;
ಹಾಲು ಗಂಡಸರಿಗೆ, ಬ್ಯಾಳಿ ಬೀಗರಿಗೆ.
ನಾಗದೋಷ ಅಂದರು ಮಂದಿ.
ಬಿಜಾಪುರದ ದವಾಖಾನಿ ನರ್ಸಬಾಯಿ
ದೇವರ ಹೆಸರು ಎತ್ತಲಿಲ್ಲ, ಬಿಳೀ ಗುಳಿಗಿ ಎಣಿಸಿ ಕೊಟ್ಟಳು.
ತಿಂಗಳೊಪ್ಪತ್ತಿಗೆ ಸರ ಉದುರಿತು.
ಅದರ ಬಳಗದ್ದ ಇದು, ಅಂದಳು ಅಸ್ಮಾ.
ಆಯಿಗೆ ಇಲ್ಲದ್ದಕ್ಕ,
ನನಗ ಹೆಚ್ಚಾದದ್ದಕ್ಕ.
ನಡುವ ಒಂದು ತುಪ್ಪದ ಗಿಂಡಿಯಷ್ಟು ದೂರ.

ಮೂರು ವಾರ ಬಂತು,
ಕಚೇರಿ ಗಡಿಯಾರಕ್ಕಿಂತ ನೇಮ ಅದರದು.
ನಾನೂ ಮ್ಯಾಲಿನ ಗುಂಡಿ ಬಿಚ್ಚಿಕೊಂಡು, ತಲಿ ಬಾಚಿಕೊಂಡು...
ಹೇಳಬಾರದು, ಹೇಳಿದೆ.
ನಾಲ್ಕನೇ ವಾರ ಸಣ್ಣಗಾತು.
ನಿನ್ನೆ ಕಿವಿ ತುದಿಗಷ್ಟ.
"ಮೈ ರೂಢಿ ಮಾಡಿಕೊಂತದ್ರಿ, ಚಲೋ ಆತು"
ಅಂದರು ಕಟಗೇರಿ ಡಾಕ್ಟರು, ಚೀಟಿ ಬರಕೋತ.

ಇವತ್ತ ಹನ್ನೊಂದೂ ಇಪ್ಪತ್ತಕ್ಕ
ಕೀಲಿ ಮ್ಯಾಲ ಬೆರಳಿಟ್ಟು ಸುಮ್ಮ ಕುಂತೆ.
"ಯಾಕ ನಿಂತಿರಿ ಬಾಯಾರ?" ಅಂದ ಗಿರಾಕಿ,
"ದಕ್ಷಿಣಕ್ಕ ರಸ್ತೆ ಅಂತ ಬರೀರಿ."
ತಡೀರಿ ಅಂದೆ,
ಒಬ್ಬರು ಬರೂದದ.